ಸೀಟಿ ಊದೋರು ಯಾರು?

“ಆಗಂಗಿಲ್ಲ ಅಂದ್ರ ಆಗಂಗಿಲ್ಲ!”

ಸಂಡೂರು ರಸ್ತೆಯ ಗಣಿ ಆಫೀಸಿನಲ್ಲಿ ಸಾಹುಕಾರ ಮರುಳಸಿದ್ದಪ್ಪ ಮೇಜು ಗುದ್ದಿದ. ಮೇಜಿನ ಮೇಲಿನ ಕೆಂಪು ಧೂಳೆಲ್ಲ ಎದ್ದು ಅವನ ಬಿಳಿ ಅಂಗಿಯ ಮೇಲೆ ಕೂತಿತು. ಗುಡ್ಡಕ್ಕೆ ಗುಡ್ಡವೇ ಲಾರಿ ಹತ್ತಿ ಚೀನಾಕ್ಕೆ ಹೊರಟಿದ್ದ ಕಾಲ ಅದು. ಎದುರಿಗೆ ನಿಂತವಳು ಲಾರಿಗಳ ತೂಕ ನೋಡುವ ಕಾವ್ಯ. ಸೂಪರ್‌ವೈಸರ್ ಓಬಳಪ್ಪ ಸ್ವಂತ ಟಿಪ್ಪರ್ ಕೊಂಡು ಹೋದ ಮೇಲೆ ಅವನ ಕೆಲಸವೂ ಅವಳ ತಲೆಗೇ ಬಂದಿತ್ತು. ಈಗ ಆ ಹುದ್ದೆಯನ್ನೂ ಕೊಡಿ ಎಂದು ಕೇಳಿದ್ದೇ ತಪ್ಪಾಯಿತು. ಗುಡ್ಡದಲ್ಲಿ ಅದಿರು ಒಡೆಯುವ ಹಂಪಕ್ಕ ಚಹಾ ತಂದವಳು, ಜಗಳ ಬಿಟ್ಟು ಹೋಗಲಾರದೆ ಬಾಗಿಲಲ್ಲೇ ನಿಂತಳು.

ಕಾವ್ಯ: ಯಾಕ ಆಗಂಗಿಲ್ಲ ಸರ್?

ಸಾಹುಕಾರ: ಸೂಪರ್‌ವೈಸರ್ ಅಂದ್ರ ಗುಡ್ಡ ಹತ್ತಬೇಕವ್ವಾ. ಹೆಂಗಸ್ರು ಹತ್ತಿದ್ರ ಮ್ಯಾಲಿನ ಊರಮ್ಮ ದೇವಿ ಸಿಟ್ಟಾಗ್ತಾಳ.

ಕಾವ್ಯ: ಊರಮ್ಮ ಹೆಂಗಸಲ್ಲೇನ್ರಿ?

ಸಾಹುಕಾರ: ಆಕಿ ಹತ್ತಿಲ್ಲ, ಮೊದ್ಲಿಂದ ಅಲ್ಲೇ ಅದಾಳ!

ಕಾವ್ಯ: ಹಂಪಕ್ಕ ದಿನಾ ಹತ್ತತಾಳಲ್ಲ?

ಸಾಹುಕಾರ: ಆಕಿ ಹೆಂಗಸಲ್ಲ, ಲೇಬರ್.

ಹಂಪಕ್ಕ: ಅಯ್ಯ ಸಾವ್ಕಾರ್ರ, ಹಂಗಂದ್ರ ಕೂಲಿನಾರ ಗಂಡಸ್ರಷ್ಟು ಕೊಡ್ರಿ!

ಸಾಹುಕಾರ: ಕೂಲಿ ಮಾತು ಬಂದಾಗ ನೀ ಹೆಂಗಸು. ನಡುವ ಬಾಯಿ ಹಾಕಬ್ಯಾಡ.

ಡ್ರಾಯರ್ ಎಳೆದು ಒಂದು ಸ್ಟೀಲಿನ ಸೀಟಿ ತೆಗೆದು ಮೇಜಿನ ಮೇಲಿಟ್ಟ.

ಸಾಹುಕಾರ: ಮದ್ದಿಟ್ಟು ಬ್ಲಾಸ್ಟಿಂಗ್ ಮಾಡೋ ಮುಂಚೆ ಇದನ್ನ ಊದಬೇಕು, ಎಲ್ಲಾರೂ ಅಡಗಬೇಕು. ಹೆಣ್ಮಕ್ಳು ಸೀಟಿ ಊದಿದ್ರ ಮನಿಗೆ ದರಿದ್ರ ಬರ್ತೈತಿ.

ಕಾವ್ಯ: ಊದದಿದ್ರ ತಲಿಮ್ಯಾಲ ಕಲ್ಲು ಬರ್ತಾವ.

ಸಾಹುಕಾರ: ಹೆಲ್ಮೆಟ್ ಹಾಕ್ಕೋಬೇಕು. ಹೂವು ಎಲ್ಲಿ ಮುಡೀತಿ?

ಕಾವ್ಯ: ಹೆಲ್ಮೆಟ್ಟಿಗೇ ಮುಡಸ್ತೀನ್ರಿ. ಅಮಾಸಿಗೊಮ್ಮೆ ನಿಮ್ಮ ಜೆಸಿಬಿ ಮುಡಿಯಂಗಿಲ್ಲೇನು?

ಸಾಹುಕಾರನ ಕಾರಣಗಳು ಅಲ್ಲಿಗೆ ಮುಗಿದವು. ಕಾರಣ ಮುಗಿದ ಗಂಡಸಿಗೆ ಉಪಾಯ ಹೊಳೆಯುತ್ತದೆ.

ಸಾಹುಕಾರ: ಹಿಂಗ ಮಾಡೂಣು. ಕೆಲಸ ನಿಂದು, ಹೆಸರು ಮತ್ತ ಪಗಾರ ನನ್ನ ಹೆಂಡ್ತಿ ತಮ್ಮ ಶಂಭುಲಿಂಗಂದು. ನನ್ನ ನೋಡು, ಗಣಿ ನಂದು, ಹೆಸರು ಹೆಂಡ್ತಿದು. ಬೋರ್ಡಿನ ಮ್ಯಾಲ ‘ಮಾಲಕರು: ಶ್ರೀಮತಿ ಅಕ್ಕನಾಗಮ್ಮ’ ಅಂತ ಐತಿ. ನಾ ಏನಾರ ಅತ್ತೀನೇನು?

ಕಾವ್ಯ: ಅಂದ್ರ ದೇವಿ ಹೆಣ್ಣು, ಕಲ್ಲು ಒಡೆಯೋರು ಹೆಣ್ಣು, ಮಾಲಕಿನೂ ಹೆಣ್ಣು. ನಡುವಿನ ಕುರ್ಚಿ ಒಂದ ಗಂಡಸೇನ್ರಿ?

ಹಂಪಕ್ಕ: ಮಾಲಕ್ರು ಅಮ್ಮಾರು ಅಂದ್ಮ್ಯಾಲ ಅವ್ರನ್ನ ಕೇಳ್ರಿ ಮತ್ತ.

ಸಾಹುಕಾರ: ಕೇಳೋದೇನೈತಿ? ತಮ್ಮಗ ಕೆಲಸ ಅಂದ್ರ ಕುಣೀತಾಳ. ನೀವೂ ಕೇಳ್ರಿ!

ಮೊಬೈಲಿನ ಸ್ಪೀಕರ್ ಹಾಕಿದ. ಹೊಸಪೇಟೆಯ ಮನೆಯಿಂದ ಮೊದಲು ಕುಕ್ಕರಿನ ಸೀಟಿ ಕೇಳಿತು.

ಸಾಹುಕಾರ: ಕೇಳಿಲ್ಲಿ. ನಿನ್ನ ತಮ್ಮನ್ನ ಸೂಪರ್‌ವೈಸರ್ ಮಾಡೀನಿ.

ಅಕ್ಕನಾಗಮ್ಮ: ಅಯ್ಯೋ! ದೀಪಾವಳಿ ಪಟಾಕಿಗೆ ಹೆದರಿ ಅಕ್ಕಿ ಡಬ್ಬಿ ಹಿಂದ ಕುಂದ್ರೋನು ಅವ! ಬ್ಲಾಸ್ಟಿಂಗಿಗೆ ಕಳಸ್ತೀರೇನು?

ಸಾಹುಕಾರ: ಹೆಸರಿಗಷ್ಟ. ಕೆಲಸ ಕಾವ್ಯ ಮಾಡ್ತಾಳ.

ಅಕ್ಕನಾಗಮ್ಮ: ಕಲ್ಲು ಸಿಡಿದು ಯಾರಿಗಾರ ಬಡಿದ್ರ ಪೊಲೀಸ್ರು ಯಾರನ್ನ ಹಿಡೀತಾರ? ಹೆಸರಿದ್ದೋರ್ನೋ, ಕೆಲಸ ಮಾಡಿದೋರ್ನೋ?

ಸಾಹುಕಾರ: ಹೆಸರಿದ್ದೋರ್ನ. ಅದಕ್ಕ ಅಲ್ಲೇನು ಗಣಿ ನಿನ್ನ ಹೆಸರಿಗೆ...

ನಾಲಿಗೆ ಕಚ್ಚಿಕೊಂಡ. ಕುಕ್ಕರ್ ಇನ್ನೊಂದು ಸಲ ಕೂಗಿತು.

ಅಕ್ಕನಾಗಮ್ಮ: ಕಾವ್ಯಾ, ಅದೀಯೇನವ್ವಾ? ಇವತ್ತಿಂದ ನೀನ ಸೂಪರ್‌ವೈಸರ್. ಹೆಸರೂ ನಿಂದ, ಪಗಾರನೂ ನಿಂದ. ಮಾಲಕಿ ಹೇಳೀನಿ.

ಕಾವ್ಯ: ಹೊಣಿನೂ ನಂದರೀ ಅಮ್ಮಾರ.

ಸೀಟಿ ಎತ್ತಿ ಜೋರಾಗಿ ಊದಿದಳು. ಸಾಹುಕಾರ ರೂಢಿಯಂತೆ ಮೇಜಿನ ಕೆಳಗೆ ನುಗ್ಗಿದ. ಚಹಾದ ಕಪ್ಪು ಹಿಡಿದುಕೊಂಡು ಹಂಪಕ್ಕ ಆಗಲೇ ಅಲ್ಲಿದ್ದಳು.

ಸಾಹುಕಾರ: (ಅಲ್ಲಿಂದಲೇ) ಹಂಗಾದ್ರ ನಾ ಏನು ಮಾಡ್ಲಿ?

ಅಕ್ಕನಾಗಮ್ಮ: ಬೋರ್ಡಿನ ಮ್ಯಾಲ ಜಲ್ದಿ ನಿಮ್ಮ ಹೆಸರು ಬರಸ್ರಿ. ಗಣಿ ನಾ ನೋಡ್ಕೊಂತೀನಿ.