ಕರಿಯ ಬಿಟ್ಟ ಕೆಲಸ

ಕಿವುಡನಾಗಿರುವುದು ಅಂಥ ಕಷ್ಟವೇನಲ್ಲ, ಕಷ್ಟವೆಲ್ಲ ಮನೆಯವರದು. ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಬಹಳ ವರ್ಷ ಬೇಕಾಯಿತು. ಸಾಲಿಗ್ರಾಮದಲ್ಲಿ ಮೇಷ್ಟರಾಗಿದ್ದಾಗಲೇ ನನ್ನ ಕಿವಿ ಕೈಕೊಟ್ಟಿತ್ತು. ರಿಟೈರಾಗಿ ಜಗಲಿ ಸೇರಿದ ಮೇಲೆ ನನ್ನನ್ನು ಕರೆಯುವ ಕೆಲಸವನ್ನು ನಮ್ಮ ನಾಯಿ ಕರಿಯ ವಹಿಸಿಕೊಂಡಿತು. ಯಾರೂ ಕಲಿಸಿದ್ದಲ್ಲ. ನನ್ನ ಹೆಂಡತಿ ಗೌರಮ್ಮ ಒಳಗಿನಿಂದ ಕೂಗಿ ಕೂಗಿ ಸುಸ್ತಾಗುವುದನ್ನು ನೋಡಿ ಅದಕ್ಕೇ ಬೇಸರ ಬಂದಿರಬೇಕು. ಅವಳು ಕೂಗಿದೊಡನೆ ಬಂದು ನನ್ನ ಪಂಚೆಯ ಅಂಚು ಕಚ್ಚಿ ಎಳೆಯುತ್ತಿತ್ತು. ಊಟಕ್ಕೆ, ಸ್ನಾನಕ್ಕೆ, ಬಂದವರನ್ನು ಮಾತಾಡಿಸುವುದಕ್ಕೆ, ಎಲ್ಲಕ್ಕೂ ನಾನು ನಾಯಿಯ ಹಿಂದೆ ನಡೆದೆ. ನನ್ನ ಪಂಚೆಗಳಿಗೆಲ್ಲ ಒಂದೇ ಮೂಲೆಯಲ್ಲಿ ತೂತು.

ಆಮೇಲೆ ಅಳಿಯ ಮೈಸೂರಿನಿಂದ ಕಿವಿಯ ಮಿಷನ್ನು ತಂದುಕೊಟ್ಟ. ಅಂಗಿಯ ಜೇಬಿನಲ್ಲೊಂದು ಡಬ್ಬಿ, ಅಲ್ಲಿಂದ ಕಿವಿಗೊಂದು ವೈರು. ತೋರಿಸಿಕೊಂಡು ಬರಲೆಂದೇ ಮಿರ್ಲೆಯವರೆಗೂ ಹೋಗಿದ್ದೆ, ಸುಳ್ಳೇಕೆ ಹೇಳಲಿ. ಒಂದು ಬೆಳಿಗ್ಗೆ ಎಂದಿನಂತೆ ಕರಿಯ ಬಂದು ಪಂಚೆ ಎಳೆಯಿತು. ಗೌರಮ್ಮ ಕರೆದದ್ದು ನನಗೂ ಕೇಳಿಸಿತ್ತು, ಪೇಪರು ಮುಗಿಯಲೆಂದು ಕೂತಿದ್ದೆ. ನಾನು ಏಳದ್ದನ್ನು ನೋಡಿ ಅದು ಮುಂಗಾಲೆತ್ತಿ ಮೈಮೇಲೆ ಬಂತು. ವೈರು ಉಗುರಿಗೆ ಸಿಕ್ಕಿ ಡಬ್ಬಿ ನೆಲಕ್ಕೆ ಬಿತ್ತು. ಸ್ಕೂಲಿನ ಕಾಲದ ಬೆತ್ತ ಮೂಲೆಯಲ್ಲೇ ಇತ್ತು, ತೆಗೆದುಕೊಂಡು ನಾಲ್ಕು ಬಾರಿಸಿದೆ. ಡಬ್ಬಿಗೆ ಏನೂ ಆಗಿರಲಿಲ್ಲ.

ಹೋದ ಶ್ರಾವಣದಲ್ಲಿ ಮಿಷನ್ನಿನ ಸೆಲ್ಲು ಮುಗಿಯಿತು. ಕೃಷ್ಣರಾಜನಗರದ ಅಂಗಡಿಗಳಲ್ಲಿ ಸಿಗುವುದು ಟಾರ್ಚಿನ ಸೆಲ್ಲು, ನನ್ನದು ಮೈಸೂರಿನಿಂದಲೇ ಬರಬೇಕು. ಅದಕ್ಕೆ ಕಾಯುತ್ತಿದ್ದ ಒಂದು ಮಧ್ಯಾಹ್ನ ಕರಿಯ ಬಂದು ಎರಡು ಮಾರು ದೂರ ನಿಂತು ಬಾಯಿ ತೆರೆದು ಮುಚ್ಚಿತು. ಬೊಗಳುತ್ತಿತ್ತೆಂದು ಕಾಣುತ್ತದೆ. ಒಳಗೆ ಓಡಿತು, ಮತ್ತೆ ಬಂತು. ಪಂಚೆಯ ಹತ್ತಿರ ಮೂತಿ ತಂದು ಸರಕ್ಕನೆ ಹಿಂದಕ್ಕೆ ಸರಿಯಿತು. ಹಸಿದಿರಬೇಕೆಂದುಕೊಂಡು ಪೇಪರಿನ ಹಾಳೆ ತಿರುವಿದೆ. ನಾನು ಒಳಗೆ ಹೋದದ್ದು ನನಗೇ ಹಸಿವಾದಾಗ. ಗೌರಮ್ಮ ಹಿತ್ತಲಿನ ಬಾವಿಕಟ್ಟೆಯಲ್ಲಿ ಜಾರಿ, ಕಾಲು ಮುರಿದುಕೊಂಡು ಬಿದ್ದಿದ್ದಳು. ಕೂಗಿ ಕೂಗಿ ಅವಳ ಗಂಟಲು ಕಟ್ಟಿಹೋಗಿತ್ತು.

ಕಾಲಿಗೆ ಪಟ್ಟಿ ಕಟ್ಟಿಸಿ ತಂದ ಮೇಲೆ, ಪಂಚೆ ಎಳೆಯಲು ಈ ನಾಯಿಗೇನಾಗಿತ್ತು ಎಂದು ನಾನು ಗೊಣಗಿದೆ. ಗೌರಮ್ಮ ನನ್ನ ಕಿವಿಯನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡು ಅಂದಳು: "ಎಳ್ದುದ್ಕೆ ತಾನೆ ನೀವು ಹೊಡ್ದಿದ್ದು? ಅದು ಮರ್ತಿಲ್ಲ ಕಣ್ರೀ."

ಅವಳು ಈಗ ಕೋಲೂರಿಕೊಂಡು ಜಗಲಿಗೆ ತಾನೇ ಬಂದು ನನ್ನನ್ನು ಊಟಕ್ಕೆ ಕರೆಯುತ್ತಾಳೆ. ಆ ಕೋಲಿನ ಸದ್ದು ಮಿಷನ್ನಿನಲ್ಲಿ ಚೆನ್ನಾಗಿಯೇ ಕೇಳುತ್ತದೆ. ಬೆತ್ತವನ್ನು ಒಲೆಗೆ ಹಾಕಿದೆ. ದಿನಾ ಕರಿಯನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಪಂಚೆಯ ಅಂಚನ್ನು ಅದರ ಬಾಯಿಗೆ ಹಿಡಿಯುತ್ತೇನೆ. ಅದು ಬಾಲವನ್ನೇನೋ ಅಲ್ಲಾಡಿಸುತ್ತದೆ, ಬಾಯಿ ಮಾತ್ರ ತೆರೆಯುವುದಿಲ್ಲ. ಮೂವತ್ತು ವರ್ಷ ಹೊಡೆದು ಹೊಡೆದು ಪಾಠ ಹೇಳಿದವನು ನಾನು. ಇಷ್ಟು ಚೆನ್ನಾಗಿ ಕಲಿತ ಶಿಷ್ಯ ಇದೊಂದೇ.