ಮಗು ಎಷ್ಟು ಕಾಯಿ ತೂಗುತ್ತೆ?

ಬನ್ನಿ ಬನ್ನಿ, ಬಾಗಿಲಲ್ಲಿ ನಿಂತರೆ ಅರ್ಧ ಮಾತು ಬೀದಿಗೇ ಹೋಗುತ್ತೆ. ಆ ಚಾಪೆ ಎಳ್ಕೊಂಡು ಕೂತ್ಕಳಿ. ಎಲೆ ಅಡಿಕೆ ಹಾಕೋರು ಹಾಕ್ಕಳಿ, ಉಗಿಯೋದು ಮಾತ್ರ ಆಚೆ. ಕಂದಿಕೆರೆ ಕಡೆ ನಮ್ಮೂರ ಅಂಗನವಾಡೀಲಿ ನಾನು ಬಹಳ ವರ್ಷ ಆಯಮ್ಮ ಆಗಿದ್ದೋಳು. ಮಕ್ಕಳನ್ನು ಮನೆಮನೆಯಿಂದ ಕರ್ಕೊಂಡು ಬರೋದು, ಉಪ್ಪಿಟ್ಟು ಬೇಯಿಸೋದು, ಮೂಗು ಒರೆಸೋದು ನನ್ನ ಕೆಲಸ. ಓದು ಬರಹ ಇಲ್ಲ, ಹೆಬ್ಬೆಟ್ಟು. ಈ ಸರ್ಕಾರದ ಯೋಜನೆಗಳಿದಾವಲ್ಲ, ಬೆಂಗಳೂರಿಂದ ಹೊರಡುವಾಗ ಒಂದು ಥರ ಇರ್ತವೆ, ನಮ್ಮೂರ ತೆಂಗಿನ ತೋಟ ದಾಟೋ ಹೊತ್ತಿಗೆ ಇನ್ನೊಂದು ಥರ ಆಗಿರ್ತವೆ. ದಿನಾ ಒಂದಲ್ಲ ಒಂದು ಫಜೀತಿ. ಮಕ್ಕಳ ತೂಕದ ಫಜೀತಿ ಹೇಳ್ತೀನಿ, ಕೇಳಿ.

ಪುಡಿ ಯಾರಿಗೆ ಹತ್ತಿತು

ನಮ್ಮ ಅಂಗನವಾಡಿಗೆ ಆಗ ಸ್ವಂತ ಕಟ್ಟಡ ಇರಲಿಲ್ಲ. ತಿಪಟೂರಿಗೆ ಕೊಬ್ಬರಿ ಹಾಕುತ್ತಿದ್ದ ಯಜಮಾನರೊಬ್ಬರು ತಮ್ಮ ಶೆಡ್ಡಿನ ಮುಂದಿನ ಅರ್ಧ ಬಿಟ್ಟುಕೊಟ್ಟಿದ್ದರು. ಕೆಳಗೆ ಮಕ್ಕಳು, ಮೇಲೆ ಅಟ್ಟದ ತುಂಬ ಒಣಗುವ ಕಾಯಿ. ಮಕ್ಕಳು ಜೋರಾಗಿ ಪದ್ಯ ಹೇಳಿದರೆ ಮೇಲಿಂದ ಒಂದು ಕಾಯಿ ಗಡಗಡ ಉರುಳಿ ತಾಳ ಹಾಕೋದು.

ಯಜಮಾನರ ಮೊಮ್ಮಗನೇ ಊರಿಗೆಲ್ಲ ಬಡಕಲು. ಎರಡು ವರ್ಷದ ಮಗು, ಎತ್ತಿಕೊಂಡರೆ ಕಂಕುಳಲ್ಲಿ ಏನೂ ಇಲ್ಲದ ಹಾಗಿರೋದು. ಅಂಥ ಮಕ್ಕಳಿಗೆ ಅಂತ ಪೌಷ್ಟಿಕದ ಪುಡಿ ಬಂತು. ಟೀಚರಮ್ಮ ಅವನ ತಾಯಿಯ ಕೈಗೆ, ಅಂದರೆ ಯಜಮಾನರ ಸೊಸೆಗೆ, ಒಂದು ದೊಡ್ಡ ಪಾಕೀಟು ಕೊಟ್ಟರು. ವಾರ ಬಿಟ್ಟು ನಾವಿಬ್ಬರೂ ವಿಚಾರಿಸೋಕೆ ಹೋದೆವು.

“ಪುಡಿ ಆಯ್ತೇನವ್ವ?” ಅಂದರು ಟೀಚರಮ್ಮ.

“ಹೂಂ ಕಣ್ರೀ, ಪಾಕೀಟು ಪೂರಾ ಖಾಲಿ.”

“ಭೇಷ್! ಮೈ ಹತ್ತಿತಾ?”

“ಹತ್ತದೆ ಏನು, ಪಕ್ಕೆ ಎಲುಬೆಲ್ಲ ಮುಚ್ಚೋಯ್ತು!”

ಟೀಚರಮ್ಮ ಖುಷಿಯಾಗಿ ಪುಸ್ತಕ ತೆಗೆದು ಬರೆಯೋಕೆ ಹಿಡಿದರು. ಸೊಸೆ ಮುಂದುವರಿಸಿದಳು: “ಹೊತ್ತಿಗೆ ಅರ್ಧ ಲೀಟ್ರು ಹಾಲೂ ಜಾಸ್ತಿ ಆಗೈತೆ.”

ಪೆನ್ನು ನಿಂತುಹೋಯ್ತು.

“ಮಗ ಮೂಸಿ ನೋಡಿ ಬ್ಯಾಡ ಅಂದ ಕಣ್ರೀ. ಸರ್ಕಾರದ್ದು ಚೆಲ್ಲಬಾರದಲ್ವಾ? ಎಮ್ಮೆ ಮುಂದೆ ಇಟ್ಟೆ, ಪಾಪ, ಅದು ಮೂಸಲೇ ಇಲ್ಲ, ಪಾಕೀಟು ಸಮೇತ ತಿಂದುಬುಡ್ತು.”

ಚಡ್ಡಿ ತಕ್ಕಡಿ

ಅಷ್ಟರಲ್ಲಿ ತಾಲ್ಲೂಕು ಆಫೀಸಿಂದ ಕಾಗದ ಬಂತು. ಟೀಚರಮ್ಮ ಓದಿ ಹೇಳಿದರು. ಪ್ರತಿ ಮಗುವಿನ ತೂಕ ಬರೆದಿಡಬೇಕಂತೆ. ಬರೆಯದಿದ್ದರೆ ಅಂಗನವಾಡಿ ಎತ್ತಿ ಪಕ್ಕದೂರಿಗೆ ಹಾಕುತ್ತಾರಂತೆ. ಪಕ್ಕದೂರಿಗೆ ಹೋದರೆ ಅಲ್ಲಿಯವಳೇ ಆಯಮ್ಮ, ನಾನು ಮತ್ತೆ ಕಾಯಿ ಸುಲಿಯೋಕೆ ಹೋಗಬೇಕು. ನಂದಿರಲಿ, ನಮ್ಮೂರ ಚಿಳ್ಳೆಪಿಳ್ಳೆಗಳು ಹಳ್ಳ ದಾಟಿ ಅಲ್ಲಿಗೆ ಹೋಗ್ತಾವಾ?

ಕಾಗದದ ಜೊತೆ ಒಂದು ತಕ್ಕಡಿಯೂ ಬಂದಿತ್ತು. ಗಡಿಯಾರದಂಥ ಮುಖ, ಕೆಳಗೆ ಕೊಕ್ಕೆ, ಕೊಕ್ಕೆಗೆ ಬಟ್ಟೆಯ ಚಡ್ಡಿ. ಮಗೂನ ಆ ಚಡ್ಡಿಗೆ ಇಳಿಸಿ ನೇತುಹಾಕಬೇಕು. ಶೆಡ್ಡಿನ ತೊಲೆಗೆ ಕಟ್ಟಿ ಯಜಮಾನರ ಮೊಮ್ಮಗನನ್ನೇ ಮೊದಲು ಇಳಿಸಿದೆವು. ಅವನು ಕಾಲು ಬಡಿದು ಕಿಟಾರನೆ ಕಿರುಚಿದ. ಸೊಸೆ ಓಡಿ ಬಂದಳು.

“ಅಯ್ಯಯ್ಯೋ, ನನ್ ಮಗೀನ ಕುರಿ ನೇತಾಕ್ದಂಗೆ ನೇತಾಕವ್ರಲ್ಲಪ್ಪೋ!”

“ತೂಕ ಕಣವ್ವ, ತೂಕ,” ಅಂದೆ.

“ತೂಕ ಹಾಕೋದು ಮಾರೋ ಮಾಲ್ನ! ನಾನೇನು ಮಗೀನ ಮಾರ್ತೀನಾ? ಇಷ್ಟು ಕೆಜಿ ಅಂತ ಊರಿಗೆಲ್ಲ ಕೂಗಿದ್ರೆ ದೃಷ್ಟಿ ಆಗಕಿಲ್ವಾ?”

ಥೂ ಥೂ ಅಂತ ಮೂರು ಸಲ ಉಗಿದು ಮಗೂನ ಕಿತ್ಕೊಂಡು ಹೋದಳು. ಅವಳ ಹಿಂದೆ ಉಳಿದ ತಾಯಂದಿರೂ ಹೊರಟರು. ಚಡ್ಡಿ ಖಾಲಿ ತೂಗಾಡುತ್ತಿತ್ತು. ಯಜಮಾನರು ಬಂದು ನೋಡಿದರು. ಒಂದು ಗಂಟು ಕೊಬ್ಬರಿ ತಂದು ಚಡ್ಡಿಗೆ ತುಂಬಿ ಮುಳ್ಳು ನೋಡಿದರು.

“ಅಚ್ಚುಕಟ್ಟಾಗಿ ತೂಗ್ತದೆ ಟೀಚರಮ್ಮ. ನಿಮಗೆ ಹೆಂಗೂ ಕೆಲಸಕ್ಕೆ ಬರಾಕಿಲ್ಲ, ನಂಗಾದ್ರೂ ಕೊಡಿ.”

ಕಾಯಿ ಲೆಕ್ಕ

ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಹೊಳೀತು. ಹರಕೆ ಹೊತ್ತೋರು ದೇವಸ್ಥಾನದಲ್ಲಿ ತುಲಾಭಾರ ಮಾಡಿಸಲ್ವಾ? ಒಂದು ತಟ್ಟೇಲಿ ಮಗು, ಇನ್ನೊಂದರಲ್ಲಿ ಕಾಯಿ. ಅದೂ ತೂಕವೇ, ಅದಕ್ಕೆ ದೃಷ್ಟಿ ಇಲ್ಲ!

ಟೀಚರಮ್ಮನಿಗೆ ಹೇಳಿದೆ. “ಆಯಮ್ಮ, ನಿನ್ನ ತಲೆ ತಲೆ! ಕಾಯಿ ಎಣಿಸಿ ಬರ್ಕೊಂಡ್ರೆ ಆಮೇಲೆ ಕೆಜಿ ಮಾಡ್ಕೋಬಹುದು,” ಅಂದರು. ಯಜಮಾನರು ಮೂಟೆ ತೂಗುವ ದೊಡ್ಡ ತಕ್ಕಡಿ ಕೊಟ್ಟರು. ಸೋಮವಾರ ತಾಯಂದಿರು ಮಕ್ಕಳಿಗೆ ಎಣ್ಣೆ ಹಚ್ಚಿ ತಲೆ ಬಾಚಿ ಹಬ್ಬಕ್ಕೆ ಬಂದ ಹಾಗೆ ಬಂದರು. ಇನ್ನೊಬ್ಬರ ಮಗೂಗೆ ತೂಗಿದ ಕಾಯಿ ನಮಗ್ಯಾಕೆ ಅಂತ ಅವರವರ ಕಾಯಿ ಅವರವರೇ ತಂದಿದ್ದರು.

ಮೊದಲನೇ ಮಗು ಹದಿನೆಂಟು ಕಾಯಿ. ಎರಡನೆಯವಳು ಅದು ಕೇಳಿದ್ದೇ, “ತಡೀರಿ ಬತ್ತೀನಿ,” ಅಂತ ಮನೆಗೆ ಓಡಿ ಸಣ್ಣಸಣ್ಣ ಕಾಯಿ ಆರಿಸಿ ತಂದಳು. ಅವಳ ಮಗು ಇಪ್ಪತ್ನಾಲ್ಕು. ಮೂರನೆಯವಳು ಇನ್ನೂ ಸಣ್ಣವು ತಂದಳು, ಮೂವತ್ತೊಂದು. ಯಜಮಾನರ ಸೊಸೆಗೆ ಕೇಳಬೇಕಾ, ಅಟ್ಟದ ತುಂಬ ಕಾಯಿ ಇರೋಳು. ನಿಂಬೆಹಣ್ಣಿಗಿಂತ ಒಂಚೂರು ದೊಡ್ಡದಿರೋ ಪೀಚುಗಳನ್ನೆಲ್ಲ ಹೆಕ್ಕಿ ತಂದಳು. ಊರಿಗೆಲ್ಲ ಬಡಕಲು ಮಗು ನಲವತ್ತು ಕಾಯಿ ತೂಗಿತು!

“ನಲವತ್ತು ಕಾಯಿ ಮಗ ಕಣ್ರೇ ನಂದು!” ಅಂತ ಬೀದಿ ಉದ್ದಕ್ಕೂ ಸಾರಿಕೊಂಡು ಹೋದಳು.

“ದೃಷ್ಟಿ ಆಗಕಿಲ್ವೇನೇ?” ಅಂದೆ.

“ಬುಡು ಆಯಮ್ಮ, ಆದ್ರೆ ಕಾಯಿಗೆ ಆಯ್ತದೆ.”

ಸಾಹೇಬರು ತಕ್ಕಡಿ ಏರಿದ್ದು

ತಿಂಗಳಾಗುತ್ತಲೇ ಕಾಗದ ಬರೆದ ಸಾಹೇಬರೇ ಜೀಪಲ್ಲಿ ಬಂದರು. ಒಳ್ಳೆ ಭಾರಿ ಆಳು. ಕುರ್ಚಿ ಅವರನ್ನು ನೋಡಿಯೇ ಕಿರ್ರ್ ಅಂದಿತು. ಪುಸ್ತಕ ತೆರೆದರು.

“ನಲವತ್ತು ಅಂತ ಬರೆದಿದ್ದೀರಿ. ನಲವತ್ತು ಏನು?”

“ಕಾಯಿ ಸಾರ್,” ಅಂದರು ಟೀಚರಮ್ಮ, ದನಿ ನೆಲ ಸೇರಿತ್ತು.

ಅವರೂ ತೆಂಗಿನ ಸೀಮೆಯವರೇ ಇರಬೇಕು. “ಸಿಪ್ಪೆ ಸಮೇತವೋ, ಸುಲಿದದ್ದೋ?” ಅಂದರು.

“ಸುಲಿದದ್ದು ಸಾರ್.”

ಸಾಹೇಬರು ಬಡಕಲು ಮಗುವನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಪುಸ್ತಕ ಪಟ್ಟಂತ ಮುಚ್ಚಿದರು. “ಈಗ, ನನ್ನ ಎದುರಿಗೆ, ಕೆಜಿಯಲ್ಲಿ ತೂಗಿ. ಇಲ್ಲವಾದರೆ ನಾಳೆಯೇ ತಟ್ಟೆ ಚಾಪೆ ಪಕ್ಕದೂರಿಗೆ ಹೋಗುತ್ತೆ.”

ತಾಯಂದಿರು ಮಕ್ಕಳನ್ನು ಸೆರಗಲ್ಲಿ ಮುಚ್ಚಿಕೊಂಡರು. ಟೀಚರಮ್ಮನ ಕಣ್ಣು ತುಂಬಿತು. ನನಗೆ ಎಲ್ಲಿಂದ ಧೈರ್ಯ ಬಂತೋ. “ಸಾಹೇಬ್ರೇ, ತಪ್ಪು ತಿಳೀಬ್ಯಾಡಿ. ಮೊದ್ಲು ನೀವು ತೂಗಿಸ್ಕಳಿ. ನಿಮಗೇನೂ ಆಗ್ದಿದ್ರೆ ಇವರಿಗೂ ನಂಬಿಕೆ ಬತ್ತದೆ,” ಅಂದೆ.

ಅಷ್ಟು ಹೆಂಗಸರು ನೋಡುತ್ತಿರುವಾಗ ಹೆದರಿದೆ ಅನ್ನೋಕಾಗುತ್ತಾ? ಬೂಟು ಬಿಚ್ಚಿ ಮೂಟೆ ತಕ್ಕಡಿ ಹಲಗೆ ಮೇಲೆ ಕೂತರು. ಯಜಮಾನರು ಬಟ್ಟು ಏರಿಸಿ, ಮಂಡಿಯಲ್ಲಿ ಕೂಗುವ ಹಾಗೇ ಕೂಗಿದರು: “ತೊಂಬತ್ತಾರೂ! ಕಳೀರಿ ಎರಡು, ಚೀಲಕ್ಕೆ!”

“ಚೀಲ ಯಾವುದ್ರೀ?” ಅಂದರು ಸಾಹೇಬರು.

“ಪ್ಯಾಂಟು ಶರಟು ಸ್ವಾಮಿ.” ಅವರ ಬೆವರಿದ ಬೆನ್ನು ಮುಟ್ಟಿ ನೋಡಿ, “ಇನ್ನೊಂದು ಕಳೀರಿ ಟೀಚರಮ್ಮ, ಮಾಲಲ್ಲಿ ತೇವ ಐತೆ!”

ಹೆಂಗಸರು ಬಿದ್ದು ಬಿದ್ದು ನಕ್ಕರು. ಆ ನಗುವಲ್ಲೇ ಸೊಸೆ ಎದ್ದು ಬಂದಳು. ಮಗೂನ ತಂದು ಸಾಹೇಬರ ತೊಡೆ ಮೇಲೆ ಕೂರಿಸಿದಳು. “ಹಿಂಗೇ ತೂಗಿ. ದೃಷ್ಟಿ ಬಿದ್ರೆ ಸಾಹೇಬ್ರ ಮೇಲೆ ಬೀಳ್ಲಿ. ಇಷ್ಟು ದೊಡ್ಡೋರು ಕೂತಿರುವಾಗ ಮಗು ಯಾರ ಕಣ್ಣಿಗೆ ಕಾಣ್ತದೆ?”

ಎಲ್ಲರಿಗೂ ಸರಿ ಅನ್ನಿಸ್ತು. ಟೀಚರಮ್ಮ ಒಟ್ಟು ತೂಕದಲ್ಲಿ ಸಾಹೇಬರನ್ನು ಕಳೆದರು. ಏಳೂವರೆ ಕೆಜಿ. ನಗು ನಿಂತಿತು. ಸೊಸೆ ಮಗನ ಕೈ ಹಿಡಿದು ನೋಡಿದಳು, ಮೊದಲ ಸಲ ನೋಡೋಳ ಥರ. “ನಾಳೆಯಿಂದ ಅವನು ಇಲ್ಲೇ ಉಣ್ಣಲಿ, ನನ್ನ ಕೈಯಲ್ಲಿ,” ಅಂದೆ. ಹೂಂ ಅಂದಳು.

ಆಮೇಲೆ ಸಾಲು ಹತ್ತಿತು. ಮಕ್ಕಳಿಗೆ ಅದು ಉಯ್ಯಾಲೆ. ಒಂದು ಇಳಿದರೆ ಇನ್ನೊಂದು ಏರೋದು. ಐದನೇ ಮಗು ಸಾಹೇಬರ ತೊಡೆ ಮೇಲೆ ಬೆಚ್ಚಗೆ ಉಚ್ಚೆ ಹೊಯ್ದುಬಿಡ್ತು. ಸಾಹೇಬರು ಅಲ್ಲಾಡದೆ ಕೂತರು. ಟೀಚರಮ್ಮ ಬರೆಯೋಕೆ ಹೋದರು. ಯಜಮಾನರು ಕೈ ಅಡ್ಡ ಹಿಡಿದರು.

“ತಡೀರಿ! ಮಾಲು ನೆಂದೋಯ್ತು, ಹಳೇ ತೂಕ ನಡಿಯಾಕಿಲ್ಲ. ಸಾಹೇಬ್ರನ್ನ ಇನ್ನೊಂದ್ಸಲ ತೂಗಬೇಕು!”

ಸಾಹೇಬರು ನಕ್ಕ ನಗುವಿಗೆ ತಕ್ಕಡಿಯ ಮುಳ್ಳು ನಿಲ್ಲಲೇ ಇಲ್ಲ. ಅವತ್ತು ಸಂಜೆಯೊಳಗೆ ಅವರನ್ನು ನಾಲ್ಕು ಸಲ ಹೊಸದಾಗಿ ತೂಗಿದೆವು.

ಅಂಗನವಾಡಿ ನಮ್ಮೂರಲ್ಲೇ ಉಳೀತು. ಸಾಹೇಬರು ವರ್ಗವಾಗಿ ದೂರದ ಜಿಲ್ಲೆಗೆ ಹೋದರು. ಯಜಮಾನರು ಕಣ್ಣು ಮುಚ್ಚೋಕೆ ಮುಂಚೆ ಕಟ್ಟಡಕ್ಕೆ ಜಾಗ ಬರೆದುಕೊಟ್ಟರು. ಟೀಚರಮ್ಮ ರಿಟೈರಾಗಿ ತಿಪಟೂರಲ್ಲಿ ಮಗಳ ಮನೇಲಿದ್ದಾರೆ. ಸೊಸೆ ಈಗ ಅಜ್ಜಿ, ಮೊಮ್ಮಗಳನ್ನು ತಾನೇ ಅಂಗನವಾಡಿಗೆ ಕರ್ಕೊಂಡು ಬರ್ತಾಳೆ. ಆ ಬಡಕಲು ಹುಡುಗ ಒಂದು ಮೂಟೆ ಕೊಬ್ಬರೀನ ಒಬ್ಬನೇ ಲಾರಿಗೆ ಎತ್ತಿ ಹಾಕ್ತಾನೆ. ನಾನೋ, ಕೆಲಸ ಬಿಟ್ಟು ಎಷ್ಟೋ ಕಾಲ ಆಯ್ತು, ಎದುರಿಗೆ ಮೂಗು ಸೋರೋ ಮಗು ಸಿಕ್ಕರೆ ಈಗಲೂ ಕೈ ಸೆರಗಿಗೆ ಹೋಗುತ್ತೆ. ಮೊನ್ನೆ ಬಸ್ಸಲ್ಲಿ ನೆಗಡಿ ಆಗಿದ್ದ ಕಂಡಕ್ಟರನ ಮೂಗೇ ಒರೆಸಿಬಿಟ್ಟೆ.