ಗುರುಪಾದ ಮಾಮಾನ ಮೆತ್ತನೆಯ ಮೌಸ್

ಶಿವಲೀಲಾಳಿಗೆ ಕೈಗೆ ಹೊಂದುವ ಮೌಸ್ ಇರಲಿಲ್ಲ.

ಗದಗಿನಲ್ಲಿ ಅವಳದೊಂದು ಲಗ್ನಪತ್ರಿಕೆ ಅಂಗಡಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಹಾಳೆ ಕತ್ತರಿಸುವ ಒಂದು ಯಂತ್ರ. ಸುತ್ತಲ ಹಳ್ಳಿಗಳ ಅರ್ಧ ಮದುವೆಗಳು ಇಲ್ಲಿಂದಲೇ ಶುರುವಾಗುತ್ತಿದ್ದವು. ಆದರೆ ಅಂಗಡಿಗೆ ಬಂದ ಮೌಸ್‌ಗಳೆಲ್ಲ ಬೇರೆ ಯಾರದೋ ಕೈಗೆಂದು ಮಾಡಿದಂಥವು. ಒಂದು ತೀರಾ ಚಪ್ಪಟೆ, ಇನ್ನೊಂದಕ್ಕೆ ಗೂನು, ಮತ್ತೊಂದು ಗುದ್ದಿದರೆ ಮಾತ್ರ ಮಾತು ಕೇಳುವಂಥದು. ಅವಳ ಮಣಿಕಟ್ಟು ಊದಿಕೊಂಡಿತ್ತು. ಡಾಕ್ಟರು ಕೈಗೆ ವಿಶ್ರಾಂತಿ ಕೊಡಿ ಎಂದಿದ್ದರು. ಮದುವೆ ಸೀಜನ್ನಿನಲ್ಲಿ ಹಾಗೆ ಹೇಳುವುದು ಡಾಕ್ಟರಿಗೆ ಮಾತ್ರ ಸುಲಭ.

ಅವಳ ಸೋದರಮಾವ ಗುರುಪಾದಪ್ಪ ಮಿಕ್ಸರ್ ರಿಪೇರಿ ಮಾಡುತ್ತಿದ್ದ. ಅವನ ಹತ್ತಿರ ಹೋದ ಮಿಕ್ಸರುಗಳು ಬೇರೆ ಬೇರೆ ಯಂತ್ರಗಳಾಗಿ ಮರುಜನ್ಮ ಪಡೆಯುತ್ತಿದ್ದವು. ಮಾಲೀಕರ ಮನೆಗೆ ಮಾತ್ರ ತಿರುಗಿ ಹೋಗುತ್ತಿರಲಿಲ್ಲ. ಹಿಂದಿನ ವಾರ ಅವನು ಶಿವಲೀಲಾಳಿಗೆ ತಂತಿ ಹೆಣೆದ ಕೈಗವಸೊಂದನ್ನು ಕೊಟ್ಟು, ಕೈಗೆ ತ್ರಾಸವಾಗದ ಕೆಲಸ ಮಾಡುವಾಗ ಹಾಕಿಕೋ ಎಂದು ಹೇಳಿ ಹೋಗಿದ್ದ. ಈಗ ಅಂಗಡಿಗೆ ಬಂದು ಟೇಬಲ್ಲಿನ ಮೇಲೆ ಒಂದು ಬೂದುಬಣ್ಣದ ಉಂಡೆಯನ್ನು ಇಟ್ಟ. ಮುಟ್ಟಿದರೆ ನಾದಿದ ಹಿಟ್ಟಿನಷ್ಟು ಮೆತ್ತಗೆ.

"ಇದನ್ನ ನೀ ಹಿಡಿಯೂದಲ್ಲವ್ವಾ, ಇದು ನಿನ್ನ ಹಿಡಿತೈತಿ. ನಿನ್ನ ಕೈಗೆ ಏನು ಆರಾಮ ಅನ್ನೋದು ನಿನಗಿಂತ ಚೊಲೋ ಇದಕ್ಕ ಗೊತ್ತೈತಿ. ಆ ಕೈಗವಸು ಕಂಡಿದ್ದೆಲ್ಲಾ ಇದಕ್ಕ ಕಲಿಸೇನಿ."

"ವಾಯರ್ ಎಲ್ಲಿ ಮಾಮಾ?"

"ಇಲ್ಲ. ಕಟ್ಟಿಹಾಕಿದ್ರ ಬುದ್ಧಿ ಬೆಳೆಯಂಗಿಲ್ಲ."

ಶಿವಲೀಲಾ ಅನುಮಾನದಿಂದಲೇ ಅಂಗೈ ಇಟ್ಟಳು. ಉಂಡೆ ಬೆಚ್ಚಗಾಯಿತು, ಬೆರಳುಗಳ ಸಂದಿನಲ್ಲಿ ಏರಿ ಕುಳಿತಿತು, ಮಣಿಕಟ್ಟಿನ ಕೆಳಗೆ ತಲೆದಿಂಬಾಯಿತು. ಅವಳು ಕಣ್ಣು ಮುಚ್ಚಿದಳು. ಮದುವೆಯಾದ ಮೇಲೆ ಯಾರೂ ಅವಳನ್ನು ಇಷ್ಟು ವಿಚಾರಿಸಿಕೊಂಡಿರಲಿಲ್ಲ.

ಆ ಸುಖಕ್ಕೆ ಕಲ್ಲು ಹಾಕಲು ಬೆಂಚಿನ ಮೇಲೆ ಇಬ್ಬರು ಕೂತಿದ್ದರು. ಅಂದಾನಪ್ಪ, ಮದುಮಗಳ ತಂದೆ. ಫಕೀರಪ್ಪ, ಅವನ ತಮ್ಮ, ಮದುವೆಯ ಖರ್ಚೆಲ್ಲ ಇವನದೇ. ಪತ್ರಿಕೆಯಲ್ಲಿ 'ಸುಖಾಗಮನ ಬಯಸುವವರು' ಎಂಬಲ್ಲಿ ತನ್ನ ಹೆಸರೇ ಮೇಲಿರಬೇಕೆಂದು ಇಬ್ಬರೂ ಬೆಳಗಿನಿಂದ ಜಗಳಾಡುತ್ತಿದ್ದರು. ಒಬ್ಬ ಚಹಾಕ್ಕೆ ಎದ್ದುಹೋದಾಗ ಇನ್ನೊಬ್ಬ ಹೆಸರು ಬದಲಿಸಲು ಹೇಳುತ್ತಿದ್ದ. ಬದಲಿಸಿ ಬದಲಿಸಿ ಅವಳ ಊದಿದ ಕೈ ಇನ್ನಷ್ಟು ಊದಿತ್ತು. ಸಂಜೆಯೊಳಗೆ ಐನೂರು ಪತ್ರಿಕೆ ಮನೆದೇವರ ಮುಂದಿರಬೇಕು. ಇಲ್ಲದಿದ್ದರೆ ಹುಬ್ಬಳ್ಳಿಯಲ್ಲಿ ಮಾಡಿಸುತ್ತೇವೆ, ನಮ್ಮ ಬಳಗದವರು ಯಾರೂ ಈ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಹೇಳುವಾಗ ಮಾತ್ರ ಅಣ್ಣತಮ್ಮಂದಿರು ಒಂದಾಗಿದ್ದರು. ಆ ಬಳಗ ಹೋದರೆ ಅಂಗಡಿಗೆ ಬೀಗವೇ.

ಫಕೀರಪ್ಪನ ಹೆಸರನ್ನು ಇನ್ನೊಮ್ಮೆ ಮೇಲಕ್ಕೆ ಎಳೆಯುತ್ತಿದ್ದಾಗ ಅಂಗೈ ಕೆಳಗೆ ಮೌಸ್ ಮೆಲ್ಲಗೆ ತಿರುಗಿತು. ಪರದೆಯ ಮೇಲೆ ಹೆಸರುಗಳ ಸಾಲು ಬಾಗಿತು. ಮೌಸ್ ಮತ್ತೊಂದು ಸುತ್ತು ತಿರುಗಿತು. ಸಾಲಿನ ತುದಿ ಹೋಗಿ ಬುಡಕ್ಕೆ ಅಂಟಿ, ಬಳಗದವರೆಲ್ಲ ದುಂಡಗೆ ನಿಂತರು. ಹೆದರಿ ಕೈ ತೆಗೆದರೂ ಮೌಸ್ ನಿಲ್ಲಲಿಲ್ಲ. ಟೇಬಲ್ಲಿನ ಮೇಲೆ ತಪ ತಪ ಬಡಿದುಕೊಳ್ಳುತ್ತ, ಬಡಿದಷ್ಟೂ ಅಗಲವಾಗುತ್ತ ಹೊರಟಿತು. ಅದು ಬಡಿದಂತೆಲ್ಲ ಪರದೆಯ ಗಣಪತಿ ಚಪ್ಪಟೆಯಾದ. ಹಿಡಿಯಲು ಬಾಗಿದ ಗುರುಪಾದಪ್ಪನ ಕನ್ನಡಕ ಕೆಳಗೆ ಬಿತ್ತು. ಮೌಸ್ ಅದನ್ನೂ ಬಡಿದು ತೆಳ್ಳಗೆ ಮಾಡಿತು.

"ಕೈಗವಸು ಹಾಕ್ಕೊಂಡು ಏನು ಮಾಡಿದಿ?" ಎಂದ ಮಾಮಾ, ಕಣ್ಣು ಕಿರಿದು ಮಾಡಿಕೊಂಡು.

"ರೊಟ್ಟಿ ಬಡಿದೆ."

"ಸುಮ್ಮನ ಕುಂದರತಿ ಅಂತ ತಿಳ್ಕೊಂಡಿದ್ದೆ ನಾ!"

"ನಮ್ಮ ಮನ್ಯಾಗ ಹೆಣ್ಮಕ್ಕಳು ಸುಮ್ಮನ ಕುಂತದ್ದು ನೀ ಯಾವಾಗ ನೋಡಿದಿ ಮಾಮಾ?"

ಅಷ್ಟರಲ್ಲಿ ಪ್ರಿಂಟರು ಗುಡುಗಿತು. ಬಡಿತದ ಯಾವುದೋ ಹೊತ್ತಿನಲ್ಲಿ ಮೌಸ್ ಅಪ್ಪಣೆ ಕೊಟ್ಟುಬಿಟ್ಟಿತ್ತು. ಪ್ಲಗ್ ಕೀಳಲು ಹೋದ ಮಾಮಾ ಕನ್ನಡಕವಿಲ್ಲದೆ ಫ್ಯಾನಿನ ಪ್ಲಗ್ ಕಿತ್ತ. ಹಾಳೆಗಳು ಕತ್ತರಿಸುವ ಯಂತ್ರದೊಳಕ್ಕೆ ಹೋದವು. ಹೊರಗೆ ಬಂದದ್ದು ರೊಟ್ಟಿಯಷ್ಟು ದುಂಡಗಿನ ಲಗ್ನಪತ್ರಿಕೆಗಳು. ಒಂದರ ಮೇಲೊಂದು ಬಿದ್ದು ಬುಟ್ಟಿ ತುಂಬಿತು. ಬೇರೆ ಹಾಳೆಯೂ ಇರಲಿಲ್ಲ, ಸಂಜೆಗೆ ಹೊತ್ತೂ ಇರಲಿಲ್ಲ.

ಶಿವಲೀಲಾ ತಲೆಯ ಮೇಲೆ ಕೈಹೊತ್ತು ಕೂತಳು.

ಅಂದಾನಪ್ಪ ಒಂದು ಪತ್ರಿಕೆ ಎತ್ತಿಕೊಂಡ. ಹೆಸರು ಓದಲು ಅದನ್ನು ತಿರುಗಿಸಿದ. ತಿರುಗಿಸುತ್ತ ತನ್ನ ಹೆಸರು ಮೇಲೆ ಬಂದಲ್ಲಿ ನಿಲ್ಲಿಸಿದ. ಅವನ ಮುಖ ಅರಳಿತು. ಆಚೆ ತುದಿಯಲ್ಲಿ ಫಕೀರಪ್ಪನೂ ಒಂದನ್ನು ತಿರುಗಿಸುತ್ತಿದ್ದ. ಅವನೂ ಒಂದು ಕಡೆ ನಿಲ್ಲಿಸಿದ.

"ನನ್ನ ಹೆಸರ ಮ್ಯಾಲೈತಿ ಬಿಡು," ಎಂದ ಅಂದಾನಪ್ಪ.

"ಹೌದಣ್ಣ, ಸರಿ ಐತಿ," ಎಂದ ಫಕೀರಪ್ಪ, ತನ್ನದನ್ನು ನೋಡಿಕೊಂಡೇ.

ಇಬ್ಬರೂ ಇನ್ನೊಬ್ಬನ ಪತ್ರಿಕೆಯನ್ನು ನೋಡುವ ಗೋಜಿಗೆ ಹೋಗಲಿಲ್ಲ. ಬುಟ್ಟಿಯನ್ನು ಒಂದೊಂದು ಕಡೆ ಹಿಡಿದುಕೊಂಡು ಹೋದರು. ಮುಂದಿನ ತಿಂಗಳು ಅಂದಾನಪ್ಪನ ಹಿರಿಯ ಅಳಿಯನ ಹೊಸ ಮನೆಯ ವಾಸ್ತುಶಾಂತಿಗೂ ಇಂಥದೇ ಬೇಕೆಂದು ಹೇಳಿ ಹೋದರು.

ಆಗ ನೋಡಿದರೆ ಮೌಸ್ ಇಲ್ಲ. ಪಕ್ಕದ ಖಾನಾವಳಿಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು, ಅದನ್ನು ಕೇಳಿಯೇ ಹೋಗಿತ್ತು. ಇವರು ಓಡಿ ಮುಟ್ಟುವಷ್ಟರಲ್ಲಿ ಅದು ಹೆಂಗಸರ ಸಾಲಿನಲ್ಲಿ ಕೂತು ತನ್ನನ್ನು ತಾನೇ ಕೊನೆಯ ಸಲ ಬಡಿದುಕೊಂಡು, ಜಿಗಿದು ಹಂಚಿನ ಮೇಲೆ ಮಲಗಿತು. ಒಂದು ಮಗ್ಗುಲು ಬೆಂದ ಮೇಲೆ ತಾನೇ ಹೊರಳಿತು. ಉಬ್ಬಿತು. ಆಮೇಲೆ ಅಲುಗಾಡಲಿಲ್ಲ.

ಶಿವಲೀಲಾ ಅದನ್ನು ಇಕ್ಕಳದಲ್ಲಿ ಎತ್ತಿ, ಬಟ್ಟೆಯಲ್ಲಿ ಸುತ್ತಿ, ಮಣಿಕಟ್ಟಿಗೆ ಕಾವು ಕೊಟ್ಟುಕೊಂಡಳು. ಕೈಗೆ ಬಹಳ ಆರಾಮಾಯಿತು. ನಾ ಹೇಳಿರಲಿಲ್ಲವೇ ಎಂಬಂತೆ ಮಾಮಾ ಅವಳ ಕಡೆ, ಅಥವಾ ಅವಳ ಪಕ್ಕದ ಕಂಬದ ಕಡೆ, ನೋಡಿದ.

ಹೋದದ್ದು ಇಷ್ಟು: ಮೌಸ್ ಒಂದು, ಕನ್ನಡಕ ಒಂದು, ಲಗ್ನಪತ್ರಿಕೆಯ ಮೂಲೆಗಳು ಎರಡು ಸಾವಿರ.